ಉಬ್ಬು ತಗ್ಗಿನ ಹಿಡಿಕೆಗೆ ಟೆಕ್ಸ್ಚರ್ ಕೂರಿಸುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ, ಗಂಗಾವತಿಯಲ್ಲಿ ಔಷಧಿ ಹೊಡೆಯುವ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಶಾಪ್‌ನಲ್ಲಿ ಕ್ಯಾಡ್ ಕೆಲಸ ನೋಡಿಕೊಳ್ಳುತ್ತೇನೆ. ಸ್ಪ್ರೇ ಗನ್ನಿನ ಪ್ಲಾಸ್ಟಿಕ್ ಹಿಡಿಕೆ ಒದ್ದೆ ಕೈಯಲ್ಲಿ ಜಾರುತ್ತದೆ ಎಂದು ರೈತರು ದೂರುತ್ತಿದ್ದಾರೆ. ಸುತ್ತಲೂ ಡೈಮಂಡ್ ಟೆಕ್ಸ್ಚರ್ ಕೊಡು ಅಂತ ಮಾಲೀಕರು ಹೇಳಿದ್ದಾರೆ. ಹಿಡಿಕೆ ನೇರ ಪೈಪಿನ ಹಾಗಿಲ್ಲ. ಅಂಗೈ ಕೂರುವಲ್ಲಿ ಉಬ್ಬಿದೆ, ಬೆರಳು ಕೂರುವಲ್ಲಿ ತಗ್ಗಿದೆ, ತುದಿಯಲ್ಲಿ ಗುಂಡಗಾಗಿದೆ. ಸಾಲಿಡ್‌ವರ್ಕ್ಸ್‌ನಲ್ಲಿ ವ್ರ್ಯಾಪ್ (ಚಪ್ಪಟೆ ಸ್ಕೆಚ್ಚನ್ನು ಮೈಮೇಲೆ ಸುತ್ತುವ ಸೌಲಭ್ಯ) ಹಾಕಿದರೆ ಎರರ್ ಬರುತ್ತದೆ. ಬರದಿದ್ದರೆ ಡೈಮಂಡ್‌ಗಳು ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಇಕ್ಕಟ್ಟಾಗಿ ಕಾಣುತ್ತವೆ. ಒಂದೊಂದೇ ಕೂರಿಸಿ ಪ್ಯಾಟರ್ನ್ ಮಾಡಲು ಹೋದರೆ ಕಂಪ್ಯೂಟರ್ ನಿಂತುಹೋಗುತ್ತದೆ. ಹಿಡಿಕೆ 110 ಮಿ.ಮೀ. ಉದ್ದ, ನಡುವೆ 30 ಮಿ.ಮೀ. ದಪ್ಪ. ಹೊಸ ಅಚ್ಚು ಮಾಡಿಸಬೇಕು, ಎರಡು ಹೋಳಿನದು. ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಸುಮ್ನೆ ಹೇಳಿಬಿಟ್ಟಿದ್ದೀರಿ: ಎರಡು ಹೋಳಿನ ಅಚ್ಚು. ಉತ್ತರದ ಅರ್ಧ ಅಲ್ಲೇ ಇದೆ. ಆದರೆ ಅದಕ್ಕೂ ಮೊದಲು ವ್ರ್ಯಾಪ್ ಯಾಕೆ ಕೈಕೊಟ್ಟಿತು ಅಂತ ನೋಡೋಣ. ಇದೊಂದು ಗೊತ್ತಾದರೆ ನಾಳೆ ಬಾಟಲಿ ಬರಲಿ, ಹೆಲ್ಮೆಟ್ ಬರಲಿ, ಗೊಂಬೆ ಬರಲಿ, ನಿಮಗೆ ದಾರಿ ಕಾಣುತ್ತದೆ.

ಒಂದು ಸಣ್ಣ ಕೆಲಸ ಮಾಡಿ. ಈಗಿರುವ ಹಿಡಿಕೆಯೊಂದನ್ನು ತಗೊಂಡು, ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪನ್ನು ಅದರ ಮೇಲೆ ಪೂರ್ತಿ ಸುತ್ತಿ. ಎರಡು ಪದರ ಇದ್ದರೆ ಒಳ್ಳೆಯದು. ಉದ್ದಕ್ಕೆ ಒಂದು ಬದಿಯಲ್ಲಿ ಬ್ಲೇಡಿನಿಂದ ಸೀಳಿ, ಸಿಪ್ಪೆ ಬಿಡಿಸಿದ ಹಾಗೆ ನಿಧಾನವಾಗಿ ಬಿಡಿಸಿ. ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ. ನೇರ ಭಾಗ ಸಲೀಸಾಗಿ ಮಲಗುತ್ತದೆ. ಉಬ್ಬಿನ ಭಾಗ ಮಲಗುವುದಿಲ್ಲ. ಒತ್ತಿದಷ್ಟೂ ಅಂಚಿನಲ್ಲಿ ಸೀಳುತ್ತದೆ, ಕಿತ್ತಳೆ ಸಿಪ್ಪೆ ಒತ್ತಿದಾಗ ಆಗುತ್ತದಲ್ಲ, ಹಾಗೆ. ಬೆರಳಿನ ತಗ್ಗಿನಲ್ಲಿ ಇದಕ್ಕೆ ಉಲ್ಟಾ. ಅದು ಕುದುರೆಯ ಜೀನಿನ ಆಕಾರ, ಉದ್ದಕ್ಕೆ ಒಳಗೆ ಬಾಗಿದೆ, ಅಡ್ಡಕ್ಕೆ ಹೊರಗೆ ಬಾಗಿದೆ. ಅಲ್ಲಿ ಟೇಪ್ ಜಾಸ್ತಿಯಾಗಿ ಸುಕ್ಕು ಬೀಳುತ್ತದೆ. ಪರದೆಯ ಮೇಲೆ ನಿಮಗೆ ಕಂಡ ಹಿಗ್ಗಿದ ಡೈಮಂಡ್, ಇಕ್ಕಟ್ಟಾದ ಡೈಮಂಡ್ ಎಲ್ಲ ಈ ಸೀಳು, ಈ ಸುಕ್ಕುಗಳೇ.

ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲೇ ಇದನ್ನು ಸಾಬೀತು ಮಾಡಿದ್ದರು. ಎರಡು ದಿಕ್ಕಿಗೂ ಬಾಗಿದ ಮೇಲ್ಮೈಯನ್ನು ಎಲ್ಲೂ ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲು ಆಗುವುದಿಲ್ಲ. ಚಪ್ಪಟೆ ಹಾಳೆಯನ್ನು ಅದರ ಮೇಲೆ ಹೊದಿಸಲೂ ಆಗುವುದಿಲ್ಲ. ಪೈಪು, ಕೊಳವೆ, ಲಾಳಿಕೆ ಇವು ಒಂದೇ ದಿಕ್ಕಿಗೆ ಬಾಗುತ್ತವೆ, ಹಾಗಾಗಿ ಅವುಗಳ ಮೇಲೆ ಸ್ಕೆಚ್ ಚೆನ್ನಾಗಿ ಕೂರುತ್ತದೆ. ಅಂದರೆ ನಿಮ್ಮ ಮಾಡೆಲ್‌ನಲ್ಲಾಗಲಿ ಸಾಫ್ಟ್‌ವೇರಿನಲ್ಲಾಗಲಿ ತಪ್ಪಿಲ್ಲ. ಸಾಲಿಡ್‌ವರ್ಕ್ಸ್‌ನ ವ್ರ್ಯಾಪ್‌ಗೆ 2017ರಲ್ಲಿ ಸ್ಪ್ಲೈನ್ ಸರ್ಫೇಸ್ ಎಂಬ ವಿಧಾನ ಸೇರಿಸಿದರು. ಅದು ಯಾವ ಬಾಗಿನ ಮೇಲೂ ಸ್ಕೆಚ್ ಹಾಕುತ್ತದೆ, ಆದರೆ ಪೂರ್ತಿ ಸುತ್ತು ಬರುವುದಿಲ್ಲ. ಹಿಗ್ಗು ಕುಗ್ಗು ಅಲ್ಲೂ ಇದ್ದೇ ಇರುತ್ತದೆ. ರೈನೋ ಎಂಬ ಇನ್ನೊಂದು ಕ್ಯಾಡ್ ಸಾಫ್ಟ್‌ವೇರಿನಲ್ಲಿರುವ ಫ್ಲೋ ಅಲಾಂಗ್ ಸರ್ಫೇಸ್ ಇನ್ನೂ ಚಂದ ಕೆಲಸ ಮಾಡುತ್ತದೆ. ಅದೂ ಹಿಗ್ಗನ್ನು ಹಂಚುತ್ತದೆಯೇ ಹೊರತು ಇಲ್ಲದಂತೆ ಮಾಡುವುದಿಲ್ಲ.

ಹಾಗಾದರೆ ದರ್ಜಿಗಳು ಏನು ಮಾಡುತ್ತಾರೆ? ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪ್ಯಾಂಟಿನ ಹಿಂಭಾಗ ಹೊಲಿಯುವುದನ್ನು ನಿಂತು ನೋಡಿ. ಸೊಂಟಪಟ್ಟಿಯ ಕೆಳಗೆ, ಜೇಬಿನ ಮೇಲೆ, ವಿ ಆಕಾರದಲ್ಲಿ ಒಂದು ಬೇರೆ ತುಂಡು ಇರುತ್ತದೆ. ಅದಕ್ಕೆ ಯೋಕ್ ಅಂತಾರೆ. ಸುಮಾರು ಜನ ಅದನ್ನು ಅಂದಕ್ಕೆ ಇಟ್ಟದ್ದು ಅಂದುಕೊಂಡಿದ್ದಾರೆ. ಅದು ಅಂದಕ್ಕಲ್ಲ. ದಪ್ಪ ಡೆನಿಮ್ ಬಟ್ಟೆ ಸೊಂಟದಿಂದ ಹಿಂಭಾಗದ ಉಬ್ಬಿಗೆ ಇಳಿಯುವಾಗ ಎಲ್ಲೋ ಒಂದು ಕಡೆ ಸುಕ್ಕಾಗಲೇಬೇಕು. ಆ ಸುಕ್ಕನ್ನೇ ಕತ್ತರಿಸಿ ತೆಗೆದು ಹೊಲಿಗೆಯೊಳಗೆ ಸೇರಿಸಿರುತ್ತಾರೆ. ಹಿಗ್ಗು ಕುಗ್ಗನ್ನು ತಪ್ಪಿಸಲು ಆಗದು, ಎಲ್ಲಿ ಇಡಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಕ್ಯಾಡ್‌ನಲ್ಲೂ ಅಷ್ಟೇ. ಉಬ್ಬಿನ ಮೇಲೊಂದು ಪಟ್ಟಿ, ತಗ್ಗಿನ ಮೇಲೊಂದು ಪಟ್ಟಿ, ನಡುವೆ ನುಣುಪಾದ ಗೆರೆ ಬಿಟ್ಟರೆ ಪ್ರತಿ ಪಟ್ಟಿಯೊಳಗೂ ಟೆಕ್ಸ್ಚರ್ ಸರಿಯಾಗೇ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಡ್ರಿಲ್ಲಿಂಗ್ ಮಷೀನಿನ ಹಿಡಿಕೆ ನೋಡಿ. ಸುತ್ತಲೂ ಒಂದೇ ಟೆಕ್ಸ್ಚರ್ ಇರುವುದು ಕಡಿಮೆ, ತುಂಡು ತುಂಡಾಗಿಯೇ ಇರುತ್ತದೆ.

ಡಿಸೈನ್ ಆರಿಸುವಾಗಲೂ ದರ್ಜಿಗಳ ಅನುಭವ ಉಪಯೋಗಕ್ಕೆ ಬರುತ್ತದೆ. ಚೌಕಳಿ ಬಟ್ಟೆಯ ಅಂಗಿಯಲ್ಲಿ ಹೊಲಿಗೆ ಅರ್ಧ ಇಂಚು ತಪ್ಪಿದರೂ ಎಲ್ಲರಿಗೂ ಕಾಣುತ್ತದೆ. ಸಣ್ಣ ಹೂವಿನ ಬಟ್ಟೆಯಲ್ಲಿ ಕಾಣುವುದಿಲ್ಲ. ಡೈಮಂಡ್ ಟೆಕ್ಸ್ಚರ್ ಚೌಕಳಿಯ ಜಾತಿ. ಎಲ್ಲ ಒಂದೇ ಅಳತೆ ಇರಬೇಕು ಎಂದು ಕಣ್ಣು ಬಯಸುತ್ತದೆ, ಒಂದು ಸೊಟ್ಟಗಾದರೂ ಅಲ್ಲೇ ನಿಲ್ಲುತ್ತದೆ. ಚರ್ಮದ ಸುಕ್ಕು, ಮರಳು, ಸಣ್ಣ ಕಲ್ಲು, ಚುಕ್ಕೆ ಇಂಥವು ಹಿಗ್ಗನ್ನು ನುಂಗಿಕೊಳ್ಳುತ್ತವೆ.

ಇನ್ನೊಂದು ದಾರಿಯೂ ಇದೆ. ಒಂದು ಸೀತಾಫಲವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತೊಟ್ಟಿನ ಹತ್ತಿರ ಗುಬಟು ಸಣ್ಣದು, ನಡುವಿನ ಉಬ್ಬಿನಲ್ಲಿ ದೊಡ್ಡದು, ತುದಿಗೆ ಬಂದಂತೆ ಮತ್ತೆ ಸಣ್ಣದು. ಎಲ್ಲೂ ಹರಿದಿಲ್ಲ, ಎಲ್ಲೂ ಇಕ್ಕಟ್ಟಿಲ್ಲ. ಅಳತೆ ಬದಲಾಗುವುದೇ ಅಲ್ಲಿ ಡಿಸೈನ್. ರೈನೋದ ಗ್ರಾಸ್‌ಹಾಪರ್‌ನಲ್ಲಿ ಇದನ್ನು ಮಾಡಬಹುದು. ಮೇಲ್ಮೈ ಮೇಲೆ ಚುಕ್ಕೆಗಳನ್ನು ಹರಡಿ, ಬಾಗು ಜಾಸ್ತಿ ಇರುವಲ್ಲಿ ಗುಬಟು ಸಣ್ಣದಾಗುವಂತೆ ಲೆಕ್ಕ ಕೊಡಬೇಕು. ಗೊಂಬೆ, ದೀಪದ ಕವರ್ ಇಂಥ ಕೆಲಸಕ್ಕೆ ಇದು ನನಗೆ ತುಂಬಾ ಇಷ್ಟದ ದಾರಿ. ಗುಂಡಗಿನ ತುದಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಗೆರೆಗಳೆಲ್ಲ ಅಲ್ಲಿ ಒಂದು ಬಿಂದುವಿಗೆ ಬಂದು ಗಂಟಾಗುತ್ತವೆ. ತಲೆಗೂದಲನ್ನು ಹೇಗೆ ಬಾಚಿದರೂ ಒಂದು ಸುಳಿ ಉಳಿಯುತ್ತದಲ್ಲ, ಅದೇ ಲೆಕ್ಕ. ಆ ಜಾಗವನ್ನು ನುಣುಪಾಗಿ ಬಿಡಿ, ಇಲ್ಲವೇ ನಿಮ್ಮ ಕಂಪನಿಯ ಗುರುತು ಹಾಕಿ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿನ ಮಾತು. ನಿಮ್ಮ ಹಿಡಿಕೆಗೆ ಅದಕ್ಕಿಂತ ದೊಡ್ಡ ವಿಷಯ ಅಚ್ಚು.

ಅಚ್ಚಿನ ಎರಡು ಹೋಳು ನೇರವಾಗಿ ಹಿಂದಕ್ಕೆ ಸರಿದು ತೆರೆದುಕೊಳ್ಳುತ್ತವೆ. ಹಿಡಿಕೆ ದುಂಡಗಿದೆ. ಅದರ ನೆತ್ತಿಯ ಮೇಲಿನ ಡೈಮಂಡ್ ಆರಾಮಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಬದಿಗೆ ಬಂದು ಪಾರ್ಟಿಂಗ್ ಲೈನ್ (ಎರಡು ಹೋಳು ಸೇರುವ ಗೆರೆ) ಹತ್ತಿರವಾದಂತೆ ಹಿಡಿಕೆಯ ಗೋಡೆ ಅಚ್ಚು ತೆರೆಯುವ ದಿಕ್ಕಿಗೇ ನೇರವಾಗಿ ನಿಲ್ಲುತ್ತದೆ. ಅಲ್ಲಿ ಹೊರಗೆ ಚಾಚಿದ ಪ್ರತಿ ಡೈಮಂಡ್ ಕೆಳಗೂ ಸ್ಟೀಲ್ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೇ ಅಂಡರ್‌ಕಟ್ ಅನ್ನುವುದು. ಲೆಕ್ಕ ಹಾಕಿ ನೋಡಿ. ತುದಿಯ ಕೋನ 90 ಡಿಗ್ರಿ ಇರುವ ಡೈಮಂಡ್‌ನ ಇಳಿಜಾರು ಹಿಡಿಕೆಯ ಮೇಲ್ಮೈಗೆ 45 ಡಿಗ್ರಿ ಇರುತ್ತದೆ. ಆ ಇಳಿಜಾರು ಪಾರ್ಟಿಂಗ್ ಲೈನಿನ ಕಡೆ ಮುಖ ಮಾಡಿದ್ದರೆ, ಮೇಲ್ಮೈಗೆ 45 ಡಿಗ್ರಿಗಿಂತ ಜಾಸ್ತಿ ಡ್ರಾಫ್ಟ್ (ಅಚ್ಚು ತೆರೆಯುವ ದಿಕ್ಕಿನಿಂದ ಇರುವ ಓರೆ) ಇರುವ ಕಡೆ ಮಾತ್ರ ಅದು ಅಚ್ಚಿನಿಂದ ಬಿಡುತ್ತದೆ. ಅಂದರೆ ಪ್ರತಿ ಹೋಳಿನಲ್ಲೂ ನಡುವಿನ ಅರ್ಧ ಭಾಗ ಮಾತ್ರ ಸರಿ, ಎರಡು ಬದಿಯ ಕಾಲು ಕಾಲು ಭಾಗ ಕಿತ್ತುಕೊಂಡು ಬರುತ್ತದೆ. ನೀವು ವ್ರ್ಯಾಪ್‌ನಲ್ಲಿ ಗೆದ್ದಿದ್ದರೂ, ಸುತ್ತಲೂ ಒಂದು ಡೈಮಂಡೂ ಸೊಟ್ಟಗಾಗದೆ ಕೂತಿದ್ದರೂ, ಆ ಹಿಡಿಕೆ ಅಚ್ಚಿನಿಂದ ಹೊರಗೆ ಬರುತ್ತಿರಲಿಲ್ಲ. ಮೆತ್ತನೆಯ ರಬ್ಬರಿನಂಥ ಪ್ಲಾಸ್ಟಿಕ್ ಆಗಿದ್ದರೆ ಸ್ವಲ್ಪ ಬಗ್ಗಿ ಬಿಡಿಸಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಾಗಲ್ಲ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಸುಮಾರು ವರ್ಷಗಳ ಹಿಂದೆ ಒಂದು ಟಾರ್ಚಿನ ಹೊರಮೈಗೆ ಚರ್ಮದಂಥ ಟೆಕ್ಸ್ಚರ್ ಹಾಕಿಸಿದ್ದೆ. ಆಸಿಡ್‌ನಿಂದ ಎಚಿಂಗ್ ಮಾಡಿದ್ದು, ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಇರಬಹುದು. ಎಚಿಂಗ್ ಮಾಡುವವರು ಫೋನ್ ಮಾಡಿ, ಬದಿಯ ಗೋಡೆಗೆ ಡ್ರಾಫ್ಟ್ ಎಷ್ಟಿದೆ ಎಂದು ಕೇಳಿದ್ದರು. 1 ಡಿಗ್ರಿ ಇದೆ, ಸಾಕು, ಮಾಡಿ ಅಂದೆ. ಮೊದಲ ದಿನ ಬಂದ ಪೀಸುಗಳ ಬದಿಯಲ್ಲೆಲ್ಲ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರುಗಳು. ಅಚ್ಚನ್ನು ಮತ್ತೆ ಪಾಲಿಷ್ ಮಾಡಿ, ಗೋಡೆ ಓರೆ ಮಾಡಿ, ಇನ್ನೊಮ್ಮೆ ಎಚಿಂಗ್ ಮಾಡಿಸಬೇಕಾಯಿತು. ಮೂರು ವಾರ ಹೋಯಿತು. ಈ ಕೆಲಸದಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಒಂದು ಲೆಕ್ಕವಿದೆ: ಟೆಕ್ಸ್ಚರ್ ಆಳ ಪ್ರತಿ 0.025 ಮಿ.ಮೀ.ಗೆ 1ರಿಂದ 1.5 ಡಿಗ್ರಿ ಡ್ರಾಫ್ಟ್ ಬೇಕು. 0.1 ಮಿ.ಮೀ. ಆಳಕ್ಕೆ 4ರಿಂದ 6 ಡಿಗ್ರಿ. ಆವತ್ತು ನನ್ನ ಹತ್ತಿರ ಇದ್ದದ್ದು 1.

ಈಗ ನಿಮ್ಮ ಹಿಡಿಕೆಗೆ ಬರೋಣ. ಕೈ ಯಾವ ಕಡೆ ಜಾರುತ್ತದೆ? ಸ್ಪ್ರೇ ಗನ್ನನ್ನು ಮುಂದಕ್ಕೆ ಹಿಂದಕ್ಕೆ ಬೀಸುವಾಗ ಕೈ ಹಿಡಿಕೆಯ ಉದ್ದಕ್ಕೆ ಜಾರುತ್ತದೆ. ಉದ್ದದ ಜಾರಾಟವನ್ನು ತಡೆಯುವುದು ಅಡ್ಡ ಗೆರೆ. ಡೈಮಂಡ್ ಎರಡೂ ದಿಕ್ಕಿಗೆ ಅರ್ಧರ್ಧ ತಡೆಯುತ್ತದೆ, ಮೇಲಾಗಿ ಚೂಪು. ದಿನವಿಡೀ ಹಿಡಿದವರ ಅಂಗೈ ಉರಿಯುತ್ತದೆ. ಹಾಗಾಗಿ ಡೈಮಂಡ್ ಬಿಟ್ಟು ಅಡ್ಡ ಗ್ರೂವ್ ಹಾಕಿ ಅಂತ ನನ್ನ ಸಲಹೆ. ಒಂದೊಂದೂ 2.5 ಮಿ.ಮೀ. ಅಗಲ, 0.8 ಮಿ.ಮೀ. ಆಳ. ಒಂದರಿಂದ ಇನ್ನೊಂದಕ್ಕೆ 6 ಮಿ.ಮೀ. ಹನ್ನೆರಡು ಗ್ರೂವ್ ಸಾಕು. ನೇರ ಗೆರೆಯ ಬದಲು ಸ್ವಲ್ಪ ಅಲೆಯಂತೆ ಬಾಗಿಸಿದರೆ ಹಿಡಿಕೆ ಕೈಯಲ್ಲಿ ತಿರುಗುವುದೂ ಕಡಿಮೆಯಾಗುತ್ತದೆ, ನೋಡಲೂ ಚಂದ.

ಉಬ್ಬಿದ ಗೆರೆ ಬಿಟ್ಟು ತಗ್ಗಿದ ಗ್ರೂವ್ ಯಾಕೆ ಅಂದರೆ, ಪಾರ್ಟಿಂಗ್ ಲೈನ್ ಕಾರಣ. ಉಬ್ಬಿದ ಗೆರೆಯನ್ನು ಆ ಲೈನಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿದರೆ ಅದರ ತುದಿಯ ಕೆಳಗೆ ಅಂಡರ್‌ಕಟ್ ಆಗುತ್ತದೆ. ನಿಲ್ಲಿಸದೆ ಲೈನಿನವರೆಗೂ ತಂದರೆ, ಅಚ್ಚು ಹಳೆಯದಾದಂತೆ ಅಲ್ಲಿ ಫ್ಲ್ಯಾಶ್ (ಸಂದಿಯಿಂದ ಹೊರಬಂದ ತೆಳು ಪ್ಲಾಸ್ಟಿಕ್ ಅಂಚು) ಎದ್ದು, ಎತ್ತರದ ಗೆರೆಯ ಮೇಲೆ ಅದು ಕೈಗೆ ಚುಚ್ಚುತ್ತದೆ. ಗ್ರೂವ್‌ಗೆ ಈ ಎರಡೂ ತೊಂದರೆ ಇಲ್ಲ. ಲೈನಿಗಿಂತ 2 ಮಿ.ಮೀ. ಮೇಲೆ ನಿಲ್ಲಿಸಿದರೆ ಅದರ ತುದಿ ಸಣ್ಣ ಮೆಟ್ಟಿಲಿನ ಹಾಗೆ ಮೇಲಕ್ಕೆ ಮುಖ ಮಾಡಿರುತ್ತದೆ, ಅಚ್ಚು ನೇರವಾಗಿ ಎದ್ದುಬರುತ್ತದೆ. ಡೈ (ಅಚ್ಚು) ಮಾಡುವವರು ಇದಕ್ಕೆ ಸ್ವಲ್ಪ ಗೊಣಗಬಹುದು. ಪೀಸಿನಲ್ಲಿ ತಗ್ಗು ಅಂದರೆ ಸ್ಟೀಲಿನಲ್ಲಿ ಉಬ್ಬು, ಸುತ್ತಲಿನ ಸ್ಟೀಲನ್ನೆಲ್ಲ ಕೊಯ್ದು ಆ ಗೆರೆಗಳನ್ನು ಉಳಿಸಬೇಕು. ಹೊಸ ಅಚ್ಚಿನಲ್ಲಿ ಇದು ಆಗುವ ಕೆಲಸವೇ. ಹಳೆಯ ಅಚ್ಚಿಗೆ ಸೇರಿಸುವುದಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಆಗ ಸ್ಟೀಲ್ ಕೊಯ್ಯುವುದೊಂದೇ ಸುಲಭ, ಆದ್ದರಿಂದ ಉಬ್ಬಿದ ಉಂಗುರಗಳನ್ನೇ ಲೈನಿನವರೆಗೆ ಒಯ್ಯಬೇಕಾಗುತ್ತಿತ್ತು.

ಮಾಡೆಲ್ ಮಾಡುವ ಕ್ರಮ ಹೇಳುತ್ತೇನೆ. ಮೊದಲು ಹಿಡಿಕೆಯ ಆಕಾರ ಪೂರ್ತಿ ಮುಗಿಸಿ. ನಿಮ್ಮ ಊರಿನಿಂದ ದೂರವಿಲ್ಲದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವ ಕ್ರಮ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಮೇಲೆ ಹುಣಸೆ ಬೀಜದ ಅಂಟು, ಗೋಣಿನಾರು, ಮರದ ಪುಡಿ ಸೇರಿದ ಕಿಟ್ಟ ಬಳಿದು, ಬಟ್ಟೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು ಮೈಯನ್ನು ಒಂದೇ ಸಮ ಮಾಡುತ್ತಾರೆ. ದೇವರ ಒಡವೆಯ ಉಬ್ಬನ್ನು ಕಲ್ಲುಪುಡಿ ಮತ್ತು ಅಂಟಿನಿಂದಲೇ ಮೈಮೇಲೆ ಎಬ್ಬಿಸುತ್ತಾರೆ. ಮೈ ಸಮವಾಗದೆ ಒಡವೆ ಕೂರುವುದಿಲ್ಲ. ಕ್ಯಾಡ್‌ನಲ್ಲಿ ಮೈ ಸಮ ಅಂದರೆ, ಹಿಡಿಕೆಯ ಹೊರಮೈ ಹತ್ತಾರು ತುಂಡು ಫೇಸ್‌ಗಳಿಂದ ಆಗಿರಬಾರದು. ಫಿಲೆಟ್ (ಮೂಲೆಗೆ ಕೊಡುವ ದುಂಡು) ಮೇಲೆ ಫಿಲೆಟ್ ಹಾಕಿ ಮಾಡಿದ ಹಿಡಿಕೆಯಲ್ಲಿ ಪ್ರತಿ ತುಂಡಿಗೂ ಅದರದೇ ಅಡ್ಡ ಉದ್ದದ ಗೆರೆಗಳಿರುತ್ತವೆ, ಟೆಕ್ಸ್ಚರ್ ಗಡಿಯಲ್ಲಿ ಮುರಿಯುತ್ತದೆ. ಲಾಫ್ಟ್ ಅಥವಾ ಬೌಂಡರಿ ಸರ್ಫೇಸ್‌ನಲ್ಲಿ ಹೊರಮೈಯನ್ನು ಒಂದೇ ಹರಿವಾಗಿ ಕಟ್ಟಿ. ಜೀಬ್ರಾ ಪಟ್ಟೆ ಹಾಕಿ ನೋಡಿ, ಪಟ್ಟೆ ಎಲ್ಲೂ ಮುರಿಯಬಾರದು. ಸಣ್ಣ ಫಿಲೆಟ್‌ಗಳು ಈಗ ಬೇಡ, ಕೊನೆಗೆ ಹಾಕೋಣ.

ಆಮೇಲೆ ಹಿಡಿಕೆಯ ಬಾಡಿಯ ಒಂದು ಪ್ರತಿ ಮಾಡಿ, ಅದರ ಹೊರಮೈಯನ್ನು 0.8 ಮಿ.ಮೀ. ಒಳಕ್ಕೆ ಆಫ್‌ಸೆಟ್ ಮಾಡಿ. ಇದು ಒಳಬಾಡಿ. ಎಲ್ಲಾದರೂ ಉಬ್ಬಿನ ರೇಡಿಯಸ್ 0.8ಕ್ಕಿಂತ ಕಡಿಮೆ ಇದ್ದರೆ ಆಫ್‌ಸೆಟ್ ಇಲ್ಲೇ ಒಡೆಯುತ್ತದೆ. ಚೆಕ್ ಟೂಲ್‌ನಲ್ಲಿ ಅತಿ ಸಣ್ಣ ರೇಡಿಯಸ್ ಎಷ್ಟು ಎಂದು ಮೊದಲೇ ನೋಡಿಕೊಳ್ಳಿ. ಈಗ ಪಾರ್ಟಿಂಗ್ ಪ್ಲೇನಿಗಿಂತ 2 ಮಿ.ಮೀ. ಮೇಲೆ ಒಂದು ಪ್ಲೇನ್ ಇಡಿ. ಅದರ ಮೇಲೆ ಹನ್ನೆರಡು ಅಲೆಪಟ್ಟಿಗಳ ಸ್ಕೆಚ್ ಬರೆಯಿರಿ, ಪಟ್ಟಿಗಳು ಹಿಡಿಕೆಯ ಎರಡೂ ಬದಿಗೆ ಹೊರಗೆ ಚಾಚಿರಲಿ. ಅಲ್ಲಿಂದ ಅಚ್ಚು ತೆರೆಯುವ ದಿಕ್ಕಿಗೆ, ಮೇಲಕ್ಕೆ ಹೋದಂತೆ ಅಗಲವಾಗುವ ಹಾಗೆ 3ರಿಂದ 5 ಡಿಗ್ರಿ ಡ್ರಾಫ್ಟ್ ಕೊಟ್ಟು, ಮೂಲ ಬಾಡಿಯನ್ನು ಪೂರ್ತಿ ಕಟ್ ಮಾಡಿ. ಹಿಡಿಕೆ ಬ್ರೆಡ್ ಹೋಳು ಮಾಡಿದ ಹಾಗೆ ಕಾಣುತ್ತದೆ, ಗಾಬರಿಯಾಗಬೇಡಿ. ಕೆಳಗಿನ ಹೋಳಿಗೂ ಹಾಗೇ ಮಾಡಿ. ಕೊನೆಗೆ ಒಳಬಾಡಿಯನ್ನು ಕಂಬೈನ್‌ನಲ್ಲಿ ಸೇರಿಸಿ. ಸೀಳುಗಳೆಲ್ಲ ಒಳಬಾಡಿಯ ಮೈವರೆಗೆ ತುಂಬಿಕೊಂಡು, ಎಲ್ಲ ಕಡೆ ಸರಿಯಾಗಿ 0.8 ಮಿ.ಮೀ. ಆಳದ ಗ್ರೂವ್ ಉಳಿಯುತ್ತದೆ. ಉಬ್ಬಿನ ಮೇಲೂ ಅಷ್ಟೇ ಆಳ, ತಗ್ಗಿನಲ್ಲೂ ಅಷ್ಟೇ ಆಳ. ವ್ರ್ಯಾಪ್ ಇಲ್ಲ, ಎರರ್ ಇಲ್ಲ.

ಬದಿಯಿಂದ ನೋಡಿದರೆ ಗ್ರೂವ್‌ನ ಅಲೆ ಸ್ವಲ್ಪ ಎಳೆದಂತೆ ಕಾಣಬಹುದು. ಮೇಲಿನಿಂದ ಬರೆದ ಗೆರೆ ಇಳಿಜಾರಿಗೆ ಬಿದ್ದಾಗ ಉದ್ದವಾಗುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಅಚ್ಚು ಯಾವ ದಿಕ್ಕಿಗೆ ತೆರೆಯುತ್ತದೋ ಅದೇ ದಿಕ್ಕಿನಿಂದ ಬರೆದದ್ದರಿಂದಲೇ ಒಂದು ಗೋಡೆಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೇಲ್ಮೈಗೆ ಅಂಟಿದ ಹಾಗೆ ಕಾಣುವ ವ್ರ್ಯಾಪ್‌ಗಿಂತ, ಮೇಲಿನಿಂದ ಬಿದ್ದ ನೆರಳಿನಂಥ ಈ ಗೆರೆಯೇ ನಿಮ್ಮ ಕೆಲಸಕ್ಕೆ ಸರಿ. 30 ಮಿ.ಮೀ. ದಪ್ಪದಲ್ಲಿ ಪಾರ್ಟಿಂಗ್ ಲೈನಿನಿಂದ 2 ಮಿ.ಮೀ. ಮೇಲೆ ಹೋದರೆ ಹೊರಮೈಗೆ ಸುಮಾರು 7.5 ಡಿಗ್ರಿ ಡ್ರಾಫ್ಟ್ ತಾನಾಗೇ ಸಿಕ್ಕಿರುತ್ತದೆ. ಆ 2 ಮಿ.ಮೀ. ಲೆಕ್ಕ ಬಂದದ್ದು ಹಾಗೆ. ಒಳಗಿನ ಟೊಳ್ಳು, ಪೈಪಿನ ತೂತು ಇವನ್ನು ಈಗ ಬೇರೆ ಕಟ್ ಹಾಕಿ ತೆಗೆಯಿರಿ. ಶೆಲ್ ಬಳಸಿದರೆ ಅದು ಗ್ರೂವ್‌ಗಳನ್ನು ಒಳಗೂ ಹಿಂಬಾಲಿಸುತ್ತದೆ. ಗ್ರೂವ್ ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರದಿರಲಿ. ಎಲ್ಲ ಆದ ಮೇಲೆ ಡ್ರಾಫ್ಟ್ ಅನಾಲಿಸಿಸ್, ಅಂಡರ್‌ಕಟ್ ಅನಾಲಿಸಿಸ್ ಎರಡನ್ನೂ ಓಡಿಸಿ ನೋಡಿ.

ಕಂಪ್ಯೂಟರ್ ನಿಂತುಹೋದ ವಿಷಯ. 110 ಮಿ.ಮೀ. ಉದ್ದ, 94 ಮಿ.ಮೀ. ಸುತ್ತಳತೆಯ ಮೇಲೆ 3 ಮಿ.ಮೀ.ಗೊಂದರಂತೆ ಡೈಮಂಡ್ ಇಟ್ಟರೆ ಸಾವಿರದ ನೂರು ದಾಟುತ್ತವೆ. ಒಂದೊಂದಕ್ಕೂ ನಾಲ್ಕು ಫೇಸ್. ನಾಲ್ಕು ಸಾವಿರಕ್ಕೂ ಜಾಸ್ತಿ ಫೇಸ್‌ಗಳನ್ನು ಬಾಗಿದ ಮೈಗೆ ಟ್ರಿಮ್ ಮಾಡುವುದು ಸಾಲಿಡ್ ಮಾಡೆಲಿಂಗ್‌ಗೆ ಹೇಳಿದ ಕೆಲಸವಲ್ಲ. ಅಂಥದ್ದು ಬೇಕೇ ಬೇಕು ಅಂದರೆ ಮೆಶ್‌ಗೆ (ಸಣ್ಣ ತ್ರಿಕೋನಗಳ ಬಲೆಗೆ) ಹೋಗಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ 2019ರಿಂದ 3ಡಿ ಟೆಕ್ಸ್ಚರ್ ಅಂತ ಇದೆ. ಕಪ್ಪು ಬಿಳುಪು ಚಿತ್ರವೊಂದನ್ನು ಮೈಮೇಲೆ ಹೊದಿಸಿ, ಬಿಳಿ ಇದ್ದಲ್ಲಿ ಉಬ್ಬು, ಕಪ್ಪು ಇದ್ದಲ್ಲಿ ತಗ್ಗು ಅಂತ ಮೆಶ್ ಬಾಡಿ ಮಾಡಿಕೊಡುತ್ತದೆ. ಬ್ಲೆಂಡರ್‌ನಲ್ಲಿ ಡಿಸ್‌ಪ್ಲೇಸ್ ಮಾಡಿಫೈಯರ್ ಇದೇ ಕೆಲಸ ಮಾಡುತ್ತದೆ, ಅದು ಪೂರ್ತಿ ಉಚಿತ. ಫೈಲಿನ ಗಾತ್ರದ ಮೇಲೆ ಕಣ್ಣಿರಲಿ. ನಿಮ್ಮ ಹಿಡಿಕೆಯ ಮೈಯನ್ನು 0.1 ಮಿ.ಮೀ. ಚೌಕಗಳಾಗಿ ಒಡೆದರೆ 20 ಲಕ್ಷ ದಾಟುವಷ್ಟು ತ್ರಿಕೋನಗಳಾಗುತ್ತವೆ. ಎಸ್‌ಟಿಎಲ್ ಫೈಲಿನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್, ಅಂದರೆ ಒಂದು ಹಿಡಿಕೆಗೆ 100 ಎಂಬಿ. ಅದನ್ನು ಮತ್ತೆ ಸಾಲಿಡ್ ಮಾಡಲು ಹೋಗಬೇಡಿ. 0.4 ಮಿ.ಮೀ. ನಾಜಲ್‌ನ 3ಡಿ ಪ್ರಿಂಟರ್‌ಗೆ ಅಷ್ಟು ನಯವೂ ಬೇಡ, 0.3 ಸಾಕು.

ಗ್ರೂವ್‌ಗಳ ನಡುವೆ ಉಳಿದ ಮೈಗೆ ಸ್ವಲ್ಪ ಒರಟು ಬೇಕು ಅನ್ನಿಸಿದರೆ, ಅದನ್ನು ಕ್ಯಾಡ್‌ನಲ್ಲಿ ಮಾಡಲೇಬೇಡಿ. ಡ್ರಾಯಿಂಗ್‌ನಲ್ಲಿ ಜಾಗ ಗುರುತು ಮಾಡಿ, ಮೈಯ ಒರಟುತನದ ಜರ್ಮನ್ ಮಾನದಂಡವಾದ ವಿಡಿಐ 3400ರ ನಂಬರ್ ಬರೆಯಿರಿ. ಈ ಪಟ್ಟಿ 12ರಿಂದ 45ರವರೆಗೆ ಇದೆ. 12 ಅಂದರೆ ಒರಟುತನ 0.4 ಮೈಕ್ರಾನ್, 45 ಅಂದರೆ 18 ಮೈಕ್ರಾನ್. ನಿಮಗೆ 27ರ ಆಸುಪಾಸು ಹೊಂದುತ್ತದೆ. ಕಾಗದದ ಮೇಲಿನ ನಂಬರಿನಿಂದ ಏನೂ ಗೊತ್ತಾಗುವುದಿಲ್ಲ, ಅಚ್ಚು ಮಾಡುವವರ ಹತ್ತಿರ ಮಾದರಿ ತಟ್ಟೆ ಇರುತ್ತದೆ, ಬೆರಳಾಡಿಸಿ ನೋಡಿ ಆರಿಸಿ. ಮಾಲೀಕರಿಗೆ ಚಿತ್ರ ತೋರಿಸಬೇಕಾದರೆ ಬರೀ ಅಪಿಯರೆನ್ಸ್ ಹಾಕಿ ರೆಂಡರ್ ಮಾಡಿದರೆ ಸಾಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಇದು ಕೀಟನಾಶಕ ಹೊಡೆಯುವವರ ಕೈಯಲ್ಲಿರುವ ವಸ್ತು. ಗಂಗಾವತಿಯ ಭತ್ತದ ಗದ್ದೆಯಲ್ಲಿ, ರಾಯಚೂರಿನ ಹತ್ತಿ ಹೊಲದಲ್ಲಿ ಬೆಳಿಗ್ಗೆಯಿಂದ ಅದನ್ನೇ ಹಿಡಿದಿರುತ್ತಾರೆ, ಎಷ್ಟೋ ಜನರಿಗೆ ಕೈಗವಸೂ ಇರುವುದಿಲ್ಲ. ಕಿರಿದಾದ, ಚೂಪು ಮೂಲೆಯ ಗೆರೆಯಲ್ಲಿ ಔಷಧಿ ಕೂತರೆ ತೊಳೆದರೂ ಹೋಗುವುದಿಲ್ಲ. ಅಗಲ ಜಾಸ್ತಿ, ಆಳ ಕಡಿಮೆ ಅಂತ ನಾನು ಹೇಳಿದ್ದು ಇದಕ್ಕೂ ಹೌದು. ಗ್ರೂವ್‌ನ ತಳಕ್ಕೆ 0.4 ಮಿ.ಮೀ. ಫಿಲೆಟ್ ಕೊಡಿ, ಮೇಲಿನ ಅಂಚಿಗೆ 0.3. ಹನ್ನೆರಡೇ ಗ್ರೂವ್ ಆದ್ದರಿಂದ ಈಗ ಫಿಲೆಟ್ ಹಾಕುವುದು ಕಷ್ಟವಲ್ಲ. ನೆತ್ತಿಯ ಮೇಲೆ ಉದ್ದಕ್ಕೆ ಒಂದು ಅಗಲವಾದ ಕಾಲುವೆ ಬಿಟ್ಟು ಅಡ್ಡ ಗ್ರೂವ್‌ಗಳನ್ನು ಅದಕ್ಕೆ ಕೂಡಿಸಿದರೆ, ನೀರು ಅಂಗೈ ಕೆಳಗೆ ನಿಲ್ಲದೆ ಹರಿದುಹೋಗುತ್ತದೆ.

ಸ್ಟೀಲ್‌ಗೆ ಕೈ ಹಾಕುವ ಮೊದಲು ಎರಡು ಮೂರು ಹಿಡಿಕೆ ಪ್ರಿಂಟ್ ಮಾಡಿ. ಪ್ರಿಂಟ್ ಆದದ್ದನ್ನು ಹಾಗೇ ಹಿಡಿದು ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಪದರದ ಗೆರೆಗಳೇ ಕೈಗೆ ಹಿಡಿತ ಕೊಡುತ್ತವೆ. ಅಚ್ಚಿನ ಪೀಸಿನಲ್ಲಿ ಆ ಗೆರೆ ಇರುವುದಿಲ್ಲ. ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು ನುಣುಪು ಮಾಡಿ. ಆಮೇಲೆ ಸೋಪಿನ ನೀರಿನಲ್ಲಿ ಕೈ ಅದ್ದಿ, ಔಷಧಿ ಹೊಡೆದು ಅಭ್ಯಾಸ ಇರುವ ನಾಲ್ಕು ಜನರಿಗೆ ಹಿಡಿದು ಬೀಸಲು ಹೇಳಿ. ದಪ್ಪ ಕೈಯವರು, ಸಣ್ಣ ಕೈಯವರು, ಹೆಣ್ಣುಮಕ್ಕಳು ಎಲ್ಲರೂ ಇರಲಿ. ಕೈ ಒಣಗಿದ ಮೇಲೆ ಸ್ಟಾಂಪ್ ಪ್ಯಾಡಿನ ಶಾಯಿಯನ್ನು ಅಂಗೈಗೆ ಹಚ್ಚಿ, ಇನ್ನೊಂದು ಹಿಡಿಕೆಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಲಿ. ಶಾಯಿ ಎಲ್ಲಿ ತಾಗಿದೆ ಎಂದು ಸ್ಕೇಲ್ ಇಟ್ಟು ಅಳೆದುಕೊಳ್ಳಿ. ಹನ್ನೆರಡು ಗ್ರೂವ್‌ಗಳಲ್ಲಿ ಎರಡು ಮೂರಕ್ಕೆ ಯಾರ ಶಾಯಿಯೂ ತಾಗಿರದಿದ್ದರೆ ಅವನ್ನು ಸ್ಕೆಚ್‌ನಿಂದ ಅಳಿಸಿ, ಉಳಿದವನ್ನು ಶಾಯಿ ಗಾಢವಾಗಿರುವ ಕಡೆಗೆ ಸರಿಸಿ, ಆಮೇಲೆ ಡೈಗೆ ಫೈಲ್ ಕಳಿಸಿ.